ಒಡೆದ ಮಡಕೆಯ ಕಲಾವಿದೆ ರುಮ್ಮಾನಾ ಹುಸೇನ್

ನಮ್ಮ ವಾರ್ತಾಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಒಬ್ಬ ಸಾಧಕರ ಪರಿಚಯ ಇರುತ್ತದೆ. ಮೌಲಾನಾ ಆಜಾದ್, ಸಾವಿತ್ರಿಬಾಯಿ ಫುಲೆ, ಅಬ್ದುಲ್ ಕಲಾಂ ಅವರ ಬಗ್ಗೆ ನಮ್ಮ ಹಿರಿಯ ವಿದ್ಯಾರ್ಥಿಗಳು ಬರೆದದ್ದನ್ನು ನಾವೆಲ್ಲ ಓದಿದ್ದೇವೆ. ಈ ಸಲದ ಸರದಿ ನನಗೆ ಬಂದಾಗ ಇತಿಹಾಸ ಉಪನ್ಯಾಸಕರು ಎರಡು ಷರತ್ತು ಹಾಕಿದರು. ವ್ಯಕ್ತಿ ಕರ್ನಾಟಕದಲ್ಲಿ ಹುಟ್ಟಿದವರಾಗಿರಬೇಕು. ಇದುವರೆಗೆ ನಮ್ಮ ಪತ್ರಿಕೆಯಲ್ಲಿ ಬರದ ಕ್ಷೇತ್ರದವರಾಗಿರಬೇಕು. ನನಗೆ ಚಿತ್ರ ಬರೆಯುವ ಹುಚ್ಚು ಇರುವುದು ಅವರಿಗೆ ಗೊತ್ತು. ಆದ್ದರಿಂದ ಶಿಲ್ಪಕಲೆಯ ಕಡೆ ನೋಡು ಎಂದರು.

ಶಿಲ್ಪಿ ಎಂದ ಕೂಡಲೇ ತುಮಕೂರು ಜಿಲ್ಲೆಯ ನಮಗೆ ನೆನಪಾಗುವುದು ಜಕಣಾಚಾರಿ. ಅವನ ಊರೆಂದು ಜನ ಹೇಳುವ ಕೈದಾಳ ಇರುವುದು ನಮ್ಮ ಜಿಲ್ಲೆಯಲ್ಲೇ. ಅಲ್ಲಿನ ಚೆನ್ನಕೇಶವ ದೇವಾಲಯಕ್ಕೆ ಎಂಟನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಪ್ರವಾಸ ಹೋಗಿದ್ದೆವು. ಹಾಗಾಗಿ ಶಿಲ್ಪಿ ಎಂದರೆ ಉಳಿ ಮತ್ತು ಸುತ್ತಿಗೆ, ಶಿಲ್ಪ ಎಂದರೆ ಕಲ್ಲು ಎಂದೇ ನಾನು ತಿಳಿದುಕೊಂಡಿದ್ದೆ. ಅದು ಹಳೆಯ ಕಾಲದ ಮಾತಾಯಿತು, ನಮ್ಮ ಕಾಲದ ಶಿಲ್ಪಿಗಳು ಏನು ಮಾಡುತ್ತಾರೆ ನೋಡು ಎಂದು ಉಪನ್ಯಾಸಕರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೋ ತೋರಿಸಿದರು.

ನೆಲದ ಮೇಲೆ ಒಂದು ಕನ್ನಡಿ. ಕನ್ನಡಿಯ ಮೇಲೆ ಒಡೆದ ಮಣ್ಣಿನ ಮಡಕೆ. ಅಷ್ಟೇ.

ನನಗೆ ನಗು ಬಂತು. ಇದು ಕಲೆಯಾದರೆ ನಮ್ಮ ಮನೆಯ ಹಿತ್ತಲೇ ಒಂದು ಮ್ಯೂಸಿಯಂ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಕಲಾವಿದೆಯ ಹೆಸರು ಕೇಳಿದೆ. ರುಮ್ಮಾನಾ ಹುಸೇನ್. ಹುಟ್ಟಿದ್ದು ಬೆಂಗಳೂರಿನಲ್ಲಿ, 1952ರಲ್ಲಿ. ತೀರಿಕೊಂಡದ್ದು 1999ರಲ್ಲಿ, ಅಂದರೆ ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಭಾರತದಲ್ಲಿ ಇನ್‌ಸ್ಟಲೇಶನ್ ಕಲೆಗೆ ದಾರಿ ಮಾಡಿಕೊಟ್ಟ ಮೊದಲಿಗರಲ್ಲಿ ಅವರೂ ಒಬ್ಬರು. ನಮ್ಮಲ್ಲಿ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಅಂದೇ ನಾನು ಇವರ ಬಗ್ಗೆಯೇ ಬರೆಯುವುದೆಂದು ನಿರ್ಧರಿಸಿದೆ.

ನಮ್ಮ ಹಿತ್ತಲಿನ ವಾಡೆ

ಅವರ ಜೀವನ ಹೇಳುವ ಮೊದಲು ನಮ್ಮ ಹಿತ್ತಲಿನ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಆ ಫೋಟೋ ನನ್ನನ್ನು ಯಾಕೆ ಬಿಡಲಿಲ್ಲ ಎಂಬುದು ನಿಮಗೆ ತಿಳಿಯುವುದಿಲ್ಲ.

ನಮ್ಮೂರು ಪಾವಗಡ ತಾಲ್ಲೂಕಿನ ತಿರುಮಣಿ. ನಮ್ಮೂರಿನ ಹೆಸರು ಈಗ ಸೋಲಾರ್ ಪಾರ್ಕಿನಿಂದಾಗಿ ಎಲ್ಲರಿಗೂ ಗೊತ್ತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಸೋಲಾರ್ ಪ್ಯಾನೆಲ್‌ಗಳು ನಿಂತಿವೆ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿನ ಸಾಮರ್ಥ್ಯ ಸುಮಾರು 2,000 ಮೆಗಾವ್ಯಾಟ್. ಜಮೀನನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಮೊದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಗೊತ್ತುಮಾಡಿದರು. ನಮ್ಮ ಅಬ್ಬಾ ಕೂಡ ನಮ್ಮ ಮೂರು ಎಕರೆ ಕೊಟ್ಟರು. ಮಳೆ ಕೈಕೊಟ್ಟು ಕಡ್ಲೆಕಾಯಿ ಒಣಗುವುದನ್ನು ವರ್ಷ ವರ್ಷ ನೋಡಿದವರಿಗೆ ಆ ಹಣ ದೊಡ್ಡ ಧೈರ್ಯ. ಅದನ್ನು ನಾನು ದೂರುತ್ತಿಲ್ಲ. ನನ್ನ ಕಾಲೇಜಿನ ಶುಲ್ಕ ಬರುತ್ತಿರುವುದೂ ಅದರಿಂದಲೇ.

ಆದರೆ ಬೆಳೆ ನಿಂತ ಮೇಲೆ ಕಾಳು ತುಂಬಿಡುತ್ತಿದ್ದ ದೊಡ್ಡ ಮಣ್ಣಿನ ವಾಡೆಗೆ ಕೆಲಸವಿಲ್ಲದಾಯಿತು. ಮನೆ ರಿಪೇರಿ ಮಾಡುವಾಗ ಅದನ್ನು ಹಿತ್ತಲಿಗೆ ಸಾಗಿಸಿದರು. ಸಾಗಿಸುವಾಗ ಅದು ಎರಡು ಹೋಳಾಯಿತು. ಮೇಲಿನ ಭಾಗ ಚೂರುಚೂರಾಯಿತು, ಕೆಳಗಿನ ಅರ್ಧ ಉಳಿಯಿತು. ಅಬ್ಬಾ ಎಸೆಯಲು ಹೊರಟರು. ದಾದಿ ಬಿಡಲಿಲ್ಲ. ಉಳಿದ ಅರ್ಧವನ್ನು ಗೋಡೆಗೆ ಒರಗಿಸಿ ಬೋರಲು ಹಾಕಿದರು, ಚೂರುಗಳನ್ನು ಅದರ ಪಕ್ಕದಲ್ಲಿ ಒಟ್ಟಿದರು. ನನ್ನ ಗೆಳತಿಯರು ಮನೆಗೆ ಬಂದಾಗ ನನಗೆ ಅದನ್ನು ನೋಡಿ ನಾಚಿಕೆಯಾಗುತ್ತಿತ್ತು. ದಾದಿಗೆ ವಯಸ್ಸಾಯಿತು ಎಂದು ಸಬೂಬು ಹೇಳುತ್ತಿದ್ದೆ.

ಲಕ್ನೋದ ಬೇರು

ರುಮ್ಮಾನಾ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಅವರ ಮನೆತನದ ಬೇರು ಇದ್ದದ್ದು ಅವಧ್ ಸೀಮೆಯಲ್ಲಿ, ಲಕ್ನೋದಲ್ಲಿ. ತಂದೆ ಮೇಜರ್ ಜನರಲ್ ಇನಾಯತ್ ಹಬೀಬುಲ್ಲಾ ಭಾರತೀಯ ಸೇನೆಯ ಅಧಿಕಾರಿ. ಪುಣೆ ಸಮೀಪದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಅದರ ಆರಂಭದ ವರ್ಷಗಳಲ್ಲಿ ಕಮಾಂಡೆಂಟ್ ಆಗಿ ನಡೆಸಿದವರು. ತಾಯಿ ಹಮೀದಾ ಹಬೀಬುಲ್ಲಾ ಹೈದರಾಬಾದಿನಲ್ಲಿ ಬೆಳೆದು ಲಕ್ನೋಗೆ ಸೊಸೆಯಾಗಿ ಬಂದವರು. ಮುಂದೆ ಉತ್ತರ ಪ್ರದೇಶದಲ್ಲಿ ಶಾಸಕಿಯಾದರು, ರಾಜ್ಯಸಭೆಯ ಸದಸ್ಯೆಯಾದರು. ಚಿಕನ್ ಕಸೂತಿ ಮಾಡುವ ಬಡ ಹೆಣ್ಣುಮಕ್ಕಳ ಪರವಾಗಿ ದುಡಿದರು. ಅಣ್ಣ ವಜಾಹತ್ ಹಬೀಬುಲ್ಲಾ ಐಎಎಸ್ ಅಧಿಕಾರಿಯಾಗಿದ್ದು, ಮಾಹಿತಿ ಹಕ್ಕು ಕಾಯ್ದೆ ಬಂದಾಗ 2005ರಲ್ಲಿ ದೇಶದ ಮೊದಲ ಮುಖ್ಯ ಮಾಹಿತಿ ಆಯುಕ್ತರಾದರು. ಈ ಹೆಸರನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಕೇಳಿರಬಹುದು.

ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಯಾವ ಕೊರತೆಯೂ ಇರಲಿಲ್ಲ. ದೇಶಕ್ಕಾಗಿ ದುಡಿಯುವುದು ಆ ಮನೆಯಲ್ಲಿ ದಿನದ ಕೆಲಸವಾಗಿತ್ತು. ನೀನು ಈ ದೇಶದವಳೇ ಎಂದು ಅವರನ್ನು ಕೇಳುವ ಪ್ರಸಂಗವೇ ಬರುವಂತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಅವರ ಕಲೆಯ ಮುಖ್ಯ ಪ್ರಶ್ನೆಯಾಗುತ್ತದೆ.

1970ರ ದಶಕದ ಆರಂಭದಲ್ಲಿ ಅವರು ಇಂಗ್ಲೆಂಡಿನ ರೇವನ್ಸ್‌ಬೋರ್ನ್ ಕಲಾ ಕಾಲೇಜಿನಲ್ಲಿ ಓದಿದರು. ಭಾರತಕ್ಕೆ ಮರಳಿ ಮದುವೆಯಾದರು, ತಾಯಿಯಾದರು, ಮುಂಬೈಯಲ್ಲಿ ನೆಲೆಸಿದರು. 1980ರ ದಶಕದಲ್ಲಿ ಅವರು ಬರೆಯುತ್ತಿದ್ದುದು ತೈಲವರ್ಣದ ಚಿತ್ರಗಳು. ಮನುಷ್ಯರ ಆಕೃತಿಗಳಿರುವ, ಒಂದು ಕಥೆಯನ್ನು ಸೂಚಿಸುವ ಚಿತ್ರಗಳು. ಗೋಡೆಗೆ ತೂಗುಹಾಕಬಹುದಾದ, ಮನೆಗೆ ಕೊಂಡೊಯ್ಯಬಹುದಾದ ಚಿತ್ರಗಳು. ಹಾಗೆಯೇ ಮುಂದುವರಿದಿದ್ದರೆ ಅವರು ಒಬ್ಬ ಒಳ್ಳೆಯ ಚಿತ್ರಗಾರ್ತಿ ಎನಿಸಿಕೊಳ್ಳುತ್ತಿದ್ದರು.

1989ರ ಜನವರಿಯಲ್ಲಿ ಬೀದಿನಾಟಕ ಮಾಡುತ್ತಿದ್ದ ಸಫ್ದರ್ ಹಾಶ್ಮಿಯವರನ್ನು ದೆಹಲಿಯ ಬಳಿ ಹಲ್ಲೆ ಮಾಡಿ ಕೊಂದರು. ಅವರ ನೆನಪಿನಲ್ಲಿ ಕಲಾವಿದರು, ಲೇಖಕರು ಸೇರಿ ಸಹಮತ್ ಎಂಬ ಸಂಘಟನೆ ಕಟ್ಟಿದರು. ಕೋಮುದ್ವೇಷದ ವಿರುದ್ಧ ಹಾಡು, ನಾಟಕ, ಚಿತ್ರಗಳ ಮೂಲಕ ಜನರ ನಡುವೆ ಹೋಗುವುದು ಅದರ ಕೆಲಸ. ರುಮ್ಮಾನಾ ಅದರಲ್ಲಿ ಸಕ್ರಿಯರಾಗಿದ್ದರು. ಚಿತ್ರವು ಗ್ಯಾಲರಿಯ ಗೋಡೆಯಿಂದ ಇಳಿದು ಬೀದಿಗೂ ಬರಬಹುದು ಎಂಬ ಪಾಠ ಅವರಿಗೆ ಅಲ್ಲಿ ಸಿಕ್ಕಿರಬೇಕು ಎಂದು ನನಗೆ ಅನಿಸುತ್ತದೆ.

ಡಿಸೆಂಬರ್ ತಿಂಗಳು

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು. ಆ ಡಿಸೆಂಬರಿನಲ್ಲೂ ಮುಂದಿನ ಜನವರಿಯಲ್ಲೂ ಮುಂಬೈಯಲ್ಲಿ ಗಲಭೆ ನಡೆದು ಸುಮಾರು 900 ಜನ ಸತ್ತರು. 1993ರ ಮಾರ್ಚ್ 12ರ ಸರಣಿ ಬಾಂಬ್ ಸ್ಫೋಟದಲ್ಲಿ ಮತ್ತೆ 257 ಜನ ಸತ್ತರು. ಸತ್ತವರಲ್ಲಿ ಎಲ್ಲ ಧರ್ಮದವರೂ ಇದ್ದರು. ಇದೆಲ್ಲ ನಡೆದಾಗ ನಮ್ಮ ತಂದೆತಾಯಿಯರು ಇನ್ನೂ ಸಣ್ಣವರು. ನಮಗೆ ಅದು ಪಠ್ಯಪುಸ್ತಕದ ಒಂದು ಸಾಲು. ಮುಂಬೈಯಲ್ಲೇ ಇದ್ದ ರುಮ್ಮಾನಾ ಅವರಿಗೆ ಅದು ಮನೆಯ ಬಾಗಿಲಿಗೆ ಬಂದ ಸಂಗತಿ.

ಅಲ್ಲಿಯವರೆಗೆ ಅವರು ಒಬ್ಬ ಕಲಾವಿದೆ, ಒಬ್ಬ ತಾಯಿ, ಮುಂಬೈಯ ಒಬ್ಬ ನಿವಾಸಿ. ಆ ದಿನಗಳಲ್ಲಿ ಇದ್ದಕ್ಕಿದ್ದಂತೆ ಅವರ ಹೆಸರೇ ಅವರ ಗುರುತಾಯಿತು. ಸೇನಾಧಿಕಾರಿಯ ಮಗಳು, ಸಂಸದೆಯ ಮಗಳು ಎಂಬುದೆಲ್ಲ ಹಿಂದೆ ಸರಿದು ಮುಸ್ಲಿಂ ಹೆಣ್ಣು ಎಂಬ ಒಂದೇ ಮಾತು ಉಳಿಯಿತು. ತಾನು ಯಾರು ಎಂದು ಜಗತ್ತು ಹೊರಗಿನಿಂದ ಹೇಳುತ್ತಿರುವಾಗ, ತಾನು ಯಾರು ಎಂದು ಅವರು ಒಳಗಿನಿಂದ ಕೇಳಿಕೊಳ್ಳಬೇಕಾಯಿತು. ಅದಕ್ಕೆ ತೈಲವರ್ಣದ ಚಿತ್ರ ಅವರಿಗೆ ಸಾಲಲಿಲ್ಲ. ಅವರು ಕುಂಚ ಕೆಳಗಿಟ್ಟು ಮಡಕೆ ತೆಗೆದುಕೊಂಡರು.

ಆ ದಿನಗಳಲ್ಲಿ ಹೀಗೆ ದಾರಿ ಬದಲಿಸಿದವರು ಅವರೊಬ್ಬರೇ ಅಲ್ಲ. ದೆಹಲಿಯ ವಿವಾನ್ ಸುಂದರಂ ಮುಂಬೈ ಗಲಭೆಯಲ್ಲಿ ಸತ್ತ ಒಬ್ಬ ಅಪರಿಚಿತನ ಪತ್ರಿಕಾ ಛಾಯಾಚಿತ್ರವನ್ನು ಇಟ್ಟುಕೊಂಡು 1993ರಲ್ಲಿ ‘ಮೆಮೋರಿಯಲ್’ ಎಂಬ ಕೃತಿ ಮಾಡಿದರು. ನಮ್ಮ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾ ಶಾಲೆಯಲ್ಲಿ ಕಲಿತ ಶೀಲಾ ಗೌಡ ಅವರು ಕೂಡ ಅದೇ ಹೊತ್ತಿಗೆ ಚಿತ್ರದಿಂದ ಸಗಣಿಯ ಕಡೆಗೆ ಹೊರಳಿದರು. ನಮ್ಮ ಅಂಗಳ ಸಾರಿಸುವ ಅದೇ ಸಗಣಿ. ಮಡಕೆ, ಸಗಣಿ, ಪತ್ರಿಕೆಯ ಫೋಟೋ ಇವೆಲ್ಲ ನಮ್ಮ ಮನೆಗಳಲ್ಲಿರುವ ಸಾಮಾನುಗಳು. ಕಲ್ಲು ಮತ್ತು ಕಂಚಿಗೆ ಹೇಳಲಾಗದ ಮಾತನ್ನು ಈ ಸಾಮಾನುಗಳು ಹೇಳಿಯಾವು ಎಂದು ಈ ಕಲಾವಿದರು ನಂಬಿದರು.

ಮಡಕೆ, ಕನ್ನಡಿ, ಕೆಮ್ಮಣ್ಣು

ಇನ್‌ಸ್ಟಲೇಶನ್ ಕಲೆಯನ್ನು ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ. ಒಂದು ವಸ್ತುವನ್ನು ಕೆತ್ತಿ ನಿಲ್ಲಿಸುವ ಬದಲು, ಹಲವು ವಸ್ತುಗಳನ್ನು ಒಂದು ಜಾಗದಲ್ಲಿ ಯೋಚಿಸಿ ಇಡುವುದು. ನೋಡುವವರು ದೂರದಲ್ಲಿ ನಿಂತು ನೋಡುವುದಿಲ್ಲ, ಆ ಜಾಗದೊಳಗೆ ನಡೆದು ಬರುತ್ತಾರೆ. ವಸ್ತು ಎಷ್ಟು ಮುಖ್ಯವೋ ಅದರ ಪಕ್ಕದ ವಸ್ತು, ಬೆಳಕು, ನೆಲ, ಮೌನ ಅಷ್ಟೇ ಮುಖ್ಯ.

1993–94ರಲ್ಲಿ ರುಮ್ಮಾನಾ ಮಾಡಿದ ಕೃತಿಗಳಲ್ಲಿ ಮತ್ತೆ ಮತ್ತೆ ಬರುವುದು ಮಣ್ಣಿನ ಮಡಕೆ. ಒಡೆದ ಮಡಕೆ, ಅರ್ಧ ಮಡಕೆ, ಚೂರು. ಅದರ ಜೊತೆಗೆ ಕನ್ನಡಿ, ಪ್ಲಾಸ್ಟರ್, ಮರ, ಕೆಮ್ಮಣ್ಣು, ನೀಲಿ. ಬೋರಲು ಹಾಕಿದ ಅರ್ಧ ಮಡಕೆಯನ್ನು ನೋಡಿದರೆ ಗುಮ್ಮಟ ನೆನಪಾಗುತ್ತದೆ. ಶಿರಾದ ಮಲಿಕ್ ರಿಹಾನ್ ದರ್ಗಾವನ್ನು ದೂರದಿಂದ ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅದೇ ಮಡಕೆ ಹೆಣ್ಣಿನ ಒಡಲನ್ನೂ ನೆನಪಿಸುತ್ತದೆ. ನೀರು, ಕಾಳು, ಜೀವ ಎಲ್ಲವನ್ನೂ ಹಿಡಿದಿಡುವ ಒಡಲು. ಆದ್ದರಿಂದ ಅವರ ಒಡೆದ ಮಡಕೆಯಲ್ಲಿ ಕೆಡವಿದ ಕಟ್ಟಡವೂ ಇದೆ, ಗಲಭೆಯಲ್ಲಿ ನೊಂದ ದೇಹಗಳೂ ಇವೆ. ಆದರೆ ಅದು ಯಾರ ಕಡೆಗೂ ಬೆರಳು ತೋರಿಸುವುದಿಲ್ಲ. ಮಡಕೆ ಯಾವ ಧರ್ಮದ್ದು ಎಂದು ಯಾರು ಹೇಳಬಲ್ಲರು? ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಎಲ್ಲರೂ ಬಳಸುವ ಸಾಮಾನು ಅದು.

ಕನ್ನಡಿಯ ಕೆಲಸ ಇನ್ನೂ ವಿಚಿತ್ರ. ಅರ್ಧ ಮಡಕೆಯನ್ನು ಕನ್ನಡಿಯ ಮೇಲೆ ಇಟ್ಟರೆ ಪ್ರತಿಬಿಂಬ ಸೇರಿ ಅದು ಇಡಿಯಾಗಿ ಕಾಣುತ್ತದೆ. ಆದರೆ ಆ ಇನ್ನರ್ಧ ನಿಜವಲ್ಲ. ಕಳೆದುಹೋದದ್ದನ್ನು ನೆನಪು ತುಂಬಿಕೊಡುತ್ತದೆ, ಆದರೆ ನೆನಪನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಇದನ್ನು ನಾನು ಮನೆಯಲ್ಲಿ ಮಾಡಿ ನೋಡಿದೆ. ಒಡೆದ ಒಂದು ಬಟ್ಟಲನ್ನು ಅಮ್ಮಿಯ ಕನ್ನಡಿಯ ಮೇಲೆ ಇಟ್ಟೆ. ಬಗ್ಗಿ ನೋಡಿದಾಗ ಬಟ್ಟಲು ಪೂರ್ತಿಯಾಗಿತ್ತು, ಅದರ ಪಕ್ಕದಲ್ಲಿ ನನ್ನ ಮುಖವೂ ಇತ್ತು. ಒಡೆದದ್ದನ್ನು ನೋಡಲು ಬಂದವರು ಅಲ್ಲಿ ತಮ್ಮನ್ನೂ ನೋಡಬೇಕಾಗುತ್ತದೆ. ಕನ್ನಡಿಯ ಗುಟ್ಟು ಇದು ಎಂದು ಅಂದು ಅರ್ಥವಾಯಿತು. ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಪರಂಗಿ ಹಣ್ಣು ಮತ್ತು ತೆರೆದ ಬಾಯಿ

1995ರಲ್ಲಿ ರುಮ್ಮಾನಾ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮುಂಬೈಯ ಎನ್‌ಸಿಪಿಎ ಆವರಣದಲ್ಲಿ ‘ಲಿವಿಂಗ್ ಆನ್ ದ ಮಾರ್ಜಿನ್ಸ್’ ಎಂಬ ಪ್ರದರ್ಶನ ಕೊಟ್ಟರು. ಅಂಚಿನಲ್ಲಿ ಬದುಕುವುದು ಎಂದು ಅದರ ಅರ್ಥ. ಇದಕ್ಕೆ ಪರ್ಫಾರ್ಮೆನ್ಸ್ ಕಲೆ ಎನ್ನುತ್ತಾರೆ. ನಾಟಕದಂತೆ ಇದರಲ್ಲಿ ಪಾತ್ರವಿಲ್ಲ, ಸಂಭಾಷಣೆಯಿಲ್ಲ. ಕಲಾವಿದರ ದೇಹವೇ ಇಲ್ಲಿ ಶಿಲ್ಪ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕೈಯಲ್ಲಿ ಅರ್ಧ ಸೀಳಿದ ಪರಂಗಿ ಹಣ್ಣು ಹಿಡಿದು, ಬಾಯಿಯನ್ನು ಅಗಲವಾಗಿ ತೆರೆದು ಅವರು ಅಂಗಳದಲ್ಲಿ ನಡೆದರು. ಬಾಯಿ ತೆರೆದಿತ್ತು, ಆದರೆ ಕೂಗು ಹೊರಬರಲಿಲ್ಲ. ಗೆಜ್ಜೆಯ ಸದ್ದು ಮಾತ್ರ.

ಅರಬ್ಬಿಯಲ್ಲಿ ರುಮ್ಮಾನ್ ಎಂದರೆ ದಾಳಿಂಬೆ. ಸೂರಾ ರಹ್ಮಾನ್ ಓದಿದವರಿಗೆ ಈ ಪದ ಗೊತ್ತಿರುತ್ತದೆ. ದಾಳಿಂಬೆಯ ಹೆಸರಿನವರು ತಮ್ಮ ಕಲೆಗೆ ಆರಿಸಿಕೊಂಡದ್ದು ಮಾತ್ರ ನಮ್ಮ ಹಿತ್ತಲುಗಳಲ್ಲಿ ತಾನಾಗಿ ಬೆಳೆಯುವ ಪರಂಗಿಯನ್ನು. ಸೀಳಿದ ಪರಂಗಿಯ ಆಕಾರ ಕಮಾನಿನಂತಿರುತ್ತದೆ, ಒಳಗೆ ಕಪ್ಪು ಬೀಜಗಳು ತುಂಬಿರುತ್ತವೆ. ಅದು ಗಾಯದಂತೆಯೂ ಕಾಣುತ್ತದೆ, ಬಸಿರಿನಂತೆಯೂ ಕಾಣುತ್ತದೆ.

1996ರ ‘ಹೋಮ್/ನೇಶನ್’ ಕೃತಿಯಲ್ಲಿ ಈ ಎಲ್ಲವೂ ಒಂದೆಡೆ ಸೇರಿದವು. ಮನೆ ಮತ್ತು ದೇಶ ಎಂಬ ಎರಡು ಪದಗಳ ನಡುವೆ ಒಂದು ಗೆರೆ ಎಳೆದು ಅವರು ಹೆಸರಿಟ್ಟರು. ಅಯೋಧ್ಯೆಗೆ ಹೋಗಿ ತೆಗೆದ ಬಾಗಿಲು, ಕಮಾನುಗಳ ಛಾಯಾಚಿತ್ರಗಳು, ತರಕಾರಿ ಹೆಚ್ಚುವ ಕೈಗಳು, ಸೀಳಿದ ಪರಂಗಿ, ತೆರೆದ ಬಾಯಿ ಇವನ್ನೆಲ್ಲ ಅಕ್ಕಪಕ್ಕ ಇಟ್ಟರು. ಅಡುಗೆಮನೆ ಮತ್ತು ಅಯೋಧ್ಯೆ ಒಂದೇ ಗೋಡೆಯ ಮೇಲೆ. ದೇಶದಲ್ಲಿ ಏನಾದರೂ ಆದರೆ ಅದು ಕೊನೆಗೆ ಬಂದು ಮುಟ್ಟುವುದು ಅಡುಗೆಮನೆಯ ಹೆಣ್ಣನ್ನು ಎಂದು ಆ ಜೋಡಣೆ ಹೇಳುತ್ತದೆ. ಒಂದು ಪದವೂ ಇಲ್ಲದೆ ಹೇಳುತ್ತದೆ.

ಬೇಗಂ ಹಜ್ರತ್ ಮಹಲ್‌ಗೆ ಒಂದು ಗೋರಿ

ಇತಿಹಾಸದ ವಿದ್ಯಾರ್ಥಿಗಳಿಗೆ 1857ರ ಬೇಗಂ ಹಜ್ರತ್ ಮಹಲ್ ಗೊತ್ತು. ಈಸ್ಟ್ ಇಂಡಿಯಾ ಕಂಪನಿ 1856ರಲ್ಲಿ ಅವಧ್ ರಾಜ್ಯವನ್ನು ಕಿತ್ತುಕೊಂಡು ನವಾಬ ವಾಜಿದ್ ಅಲಿ ಶಾಹನನ್ನು ಕಲ್ಕತ್ತೆಗೆ ಕಳಿಸಿದ ಮೇಲೆ, ಲಕ್ನೋದಲ್ಲಿ ಉಳಿದ ಬೇಗಂ ಮಗ ಬಿರ್ಜಿಸ್ ಖದ್ರ್‌ನನ್ನು ಗದ್ದುಗೆಗೆ ಕೂರಿಸಿ ಹೋರಾಟ ನಡೆಸಿದರು. ಸೋತ ಮೇಲೂ ಬ್ರಿಟಿಷರ ಪಿಂಚಣಿಗೆ ಕೈಯೊಡ್ಡಲಿಲ್ಲ. ನೇಪಾಳಕ್ಕೆ ಹೋಗಿ ಅಲ್ಲೇ 1879ರಲ್ಲಿ ತೀರಿಕೊಂಡರು. ಅವರ ಗೋರಿ ಕಠ್ಮಂಡುವಿನ ಜಾಮಾ ಮಸೀದಿಯ ಬಳಿ ಇದೆ.

ತನ್ನ ಮನೆತನದ ಸೀಮೆಯ ಈ ರಾಣಿಗೆ ರುಮ್ಮಾನಾ 1997ರಲ್ಲಿ ಒಂದು ಗೋರಿ ಕಟ್ಟಿದರು. ಕಲ್ಲಿನದಲ್ಲ, ವಸ್ತುಗಳನ್ನು ಜೋಡಿಸಿ ಮಾಡಿದ್ದು. ‘ದ ಟೂಂಬ್ ಆಫ್ ಬೇಗಂ ಹಜ್ರತ್ ಮಹಲ್’ ಎಂಬ ಆ ಕೃತಿಯಲ್ಲೂ ಅರ್ಧ ಪರಂಗಿಗಳಿದ್ದವು. ಪರದೇಶದಲ್ಲಿ ಮಣ್ಣಾದ ರಾಣಿಗೆ ಒಂದು ನೆನಪಿನ ಜಾಗ. ಮುಸ್ಲಿಂ ಹೆಣ್ಣು ಎಂದರೆ ಬಾಯಿಲ್ಲದವಳು ಎಂದು ತಿಳಿದವರಿಗೆ, ಸೈನ್ಯ ನಡೆಸಿದ ಒಬ್ಬ ಹೆಣ್ಣಿನ ನೆನಪು ಮಾಡಿಕೊಡುವುದು ಅದರ ಉದ್ದೇಶವಿರಬೇಕು.

ಮುಂದಿನ ವರ್ಷ, 1998ರಲ್ಲಿ, ‘ಈಸ್ ಇಟ್ ವಾಟ್ ಯು ಥಿಂಕ್?’ ಎಂಬ ಪ್ರದರ್ಶನ. ನೀವು ಅಂದುಕೊಂಡಿರುವುದು ನಿಜವೇ ಎಂದು ಅರ್ಥ. ಕಪ್ಪು ಪರದೆ ಧರಿಸಿ ಕುಳಿತು ಅವರು ಒಬ್ಬ ಮುಸ್ಲಿಂ ಹೆಣ್ಣಿನ ಬಗ್ಗೆ ಸಾಲು ಸಾಲಾಗಿ ಪ್ರಶ್ನೆಗಳನ್ನು ಓದಿದರು. ಉತ್ತರ ಕೊಡಲಿಲ್ಲ. ನಮ್ಮನ್ನು ನೋಡಿ ಹೊರಗಿನವರು ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆಗಳು ಇರುತ್ತವಲ್ಲ, ಅವನ್ನೇ ಜೋರಾಗಿ ಕೇಳಿ ಸುಮ್ಮನಾದರು. ಅಷ್ಟರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆಯೂ ನಡೆದಿತ್ತು. ಅದನ್ನೂ ಅವರು ಆ ಪ್ರದರ್ಶನದಲ್ಲಿ ಮುಚ್ಚಿಡಲಿಲ್ಲ. ಕಾಯಿಲೆಯ ಹೆಸರು ಹೇಳಲು ನಮ್ಮ ಮನೆಗಳಲ್ಲಿ ಇಂದಿಗೂ ದನಿ ತಗ್ಗಿಸುತ್ತಾರೆ. ಅವರು ದನಿ ತಗ್ಗಿಸಲಿಲ್ಲ.

ಗುಣವಾಗಲು ಒಂದು ಜಾಗ

ಅವರ ಕೊನೆಯ ಕೃತಿಯ ಹೆಸರು ‘ಎ ಸ್ಪೇಸ್ ಫಾರ್ ಹೀಲಿಂಗ್’. ಗುಣವಾಗಲು ಒಂದು ಜಾಗ ಎಂದು ನಾನು ಅನುವಾದಿಸಿಕೊಂಡಿದ್ದೇನೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ 1999ರಲ್ಲಿ ನಡೆದ ಏಷ್ಯಾ ಪೆಸಿಫಿಕ್ ಕಲಾ ಮೇಳಕ್ಕಾಗಿ ಅವರು ಅದನ್ನು ಸಿದ್ಧಪಡಿಸಿದರು. ಕೆಂಪು ಗೋಡೆಗಳ ಒಂದು ಕೋಣೆ. ನೆಲದ ಮೇಲೆ ಬಿಳಿ ಬಟ್ಟೆಗಳು. ನೋಡಿದರೆ ಆಸ್ಪತ್ರೆಯ ಸ್ಟ್ರೆಚರ್ ಎನಿಸುತ್ತದೆ, ಮತ್ತೊಮ್ಮೆ ನೋಡಿದರೆ ಜಾನಮಾಜ್ ಎನಿಸುತ್ತದೆ. ಗೋಡೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಸಾಮಾನುಗಳು ಒಂದರ ಪಕ್ಕ ಒಂದು ಸೇರಿ ಉರ್ದು ಬರಹದ ಸಾಲಿನಂತೆ ಕಾಣುತ್ತವೆ. ಅಗ್ಗದ ಪ್ಲಾಸ್ಟಿಕ್ ಸಾಮಾನುಗಳಿಗೆ ಬಂಗಾರದ ಬಣ್ಣ. ಆಸ್ಪತ್ರೆ, ಮಸೀದಿ, ದರ್ಗಾ, ಮನೆ ನಾಲ್ಕೂ ಆ ಒಂದೇ ಕೋಣೆಯಲ್ಲಿವೆ.

ಆ ವರ್ಷದ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು. ವಯಸ್ಸು 47. ಸೆಪ್ಟೆಂಬರಿನಲ್ಲಿ ಮೇಳ ಆರಂಭವಾದಾಗ ಆ ಕೋಣೆಯನ್ನು ನೋಡಲು ಅವರಿರಲಿಲ್ಲ. ಅದು ಈಗ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿದೆ. ತಾಯಿ ಹಮೀದಾ 2018ರವರೆಗೆ, ನೂರು ದಾಟಿ ಬದುಕಿದರು. ಮಗಳಿಲ್ಲದೆ 19 ವರ್ಷ.

ಲೆಕ್ಕ ಹಾಕಿದರೆ ರುಮ್ಮಾನಾ ಮಡಕೆ ಕೈಗೆತ್ತಿಕೊಂಡ ಮೇಲೆ ಅವರಿಗೆ ಸಿಕ್ಕದ್ದು ಬರೀ ಆರೇಳು ವರ್ಷ. ಅದರಲ್ಲೂ ಕೆಲವು ವರ್ಷ ಕಾಯಿಲೆ. ಆ ಅಲ್ಪ ಕಾಲದಲ್ಲಿ ಅವರು ಮಾಡಿದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಒಡೆದದ್ದನ್ನು ಅವರು ಎಸೆಯಲಿಲ್ಲ, ಅಂಟು ಹಾಕಿ ಒಡೆದೇ ಇಲ್ಲ ಎಂಬಂತೆ ತೋರಿಸಲೂ ಇಲ್ಲ. ಅದನ್ನು ಗೌರವದಿಂದ ಎಲ್ಲರ ನಡುವೆ ಇಟ್ಟರು. ಸಿಟ್ಟಿನಿಂದ ಶುರುವಾಗಬಹುದಾಗಿದ್ದ ದಾರಿ ಗುಣವಾಗುವ ಜಾಗದಲ್ಲಿ ಮುಗಿಯಿತು. ಇದು ಸಣ್ಣ ಮಾತಲ್ಲ ಎಂದು ನನಗೆ ಅನಿಸುತ್ತದೆ. ನನಗೆ ಯಾರಾದರೂ ಒಂದು ಮಾತು ಅಂದರೆ ವಾರವಿಡೀ ಸಿಟ್ಟು ಇಳಿಯುವುದಿಲ್ಲ.

ಮತ್ತೆ ನಮ್ಮ ಹಿತ್ತಲಿಗೆ

ಈ ಲೇಖನ ಬರೆಯುವ ಮುನ್ನ ಒಂದು ಭಾನುವಾರ ದಾದಿಯ ಪಕ್ಕ ಕುಳಿತು ಲ್ಯಾಪ್‌ಟಾಪಿನಿಂದ ಮೊಬೈಲಿಗೆ ಹಾಕಿಸಿಕೊಂಡಿದ್ದ ಆ ಫೋಟೋಗಳನ್ನು ತೋರಿಸಿದೆ. ಮೂರ್ತಿ ಮಾಡುವುದೆಂದರೆ ನಮ್ಮ ಮನೆಯಲ್ಲಿ ಹಿಂಜರಿಕೆ ಇದೆ. ಪಿಯುಸಿ ಮುಗಿದ ಮೇಲೆ ಮೈಸೂರಿನ ಕಾವಾದಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಓದಬೇಕೆಂದು ನಾನು ಕೇಳಿದಾಗ ಅಬ್ಬಾ ಇನ್ನೂ ಒಪ್ಪಿಲ್ಲ. ಆ ಚರ್ಚೆಯನ್ನು ಗೆಲ್ಲಲು ನಾನು ರುಮ್ಮಾನಾ ಅವರ ಹೆಸರು ಬಳಸುವುದಿಲ್ಲ. ಹಿರಿಯರ ಹಿಂಜರಿಕೆಗೂ ಕಾರಣಗಳಿವೆ. ಆದರೆ ಮಡಕೆಯ ಫೋಟೋ ನೋಡಿ ದಾದಿ ನಗಲಿಲ್ಲ. ಬಹಳ ಹೊತ್ತು ನೋಡಿದರು. ಮಡಕೆ ಚೆನ್ನಾಗಿ ಬೆಂದಿದೆ ಎಂದರು, ಒಡೆದ ಅಂಚಿನ ಬಣ್ಣ ನೋಡಿ ಹೇಳಬಹುದಂತೆ.

ಆಮೇಲೆ ನಾನು ಮೊದಲ ಬಾರಿಗೆ ವಾಡೆಯನ್ನು ಯಾಕೆ ಎಸೆಯಲಿಲ್ಲ ಎಂದು ದಾದಿಯನ್ನು ಕೇಳಿದೆ. ಅದನ್ನು ಮಾಡಿಕೊಟ್ಟ ಕುಂಬಾರರ ಅಜ್ಜನಿಗೆ ಹಣ ಕೊಡಲಿಲ್ಲವಂತೆ. ವರ್ಷಕ್ಕಿಷ್ಟು ರಾಗಿ, ಇಷ್ಟು ಕಡ್ಲೆಕಾಯಿ ಎಂದು ಮಾತಾಗಿತ್ತಂತೆ. ಬರಗಾಲ ಬಂದ ವರ್ಷ ನಾವು ಕೊಡಲಾಗಲಿಲ್ಲ, ಅವರು ಕೇಳಲೂ ಇಲ್ಲ. ಆ ಬಾಕಿ ಹಾಗೇ ಉಳಿದಿದೆ ಎಂದು ದಾದಿಯ ಮನಸ್ಸಿನಲ್ಲಿದೆ. ಈಗ ಹೊಲವಿಲ್ಲ, ಕಡ್ಲೆಕಾಯಿಯಿಲ್ಲ, ಆ ಅಜ್ಜನೂ ಇಲ್ಲ. ವಾಡೆಯನ್ನೂ ಎಸೆದರೆ ಬಾಕಿ ಇತ್ತು ಎಂಬುದಕ್ಕೆ ಗುರುತೇ ಇರುವುದಿಲ್ಲ. ದಾದಿ ಇಷ್ಟು ಹೇಳಿ ಒಳಗೆ ಹೋದರು.

ನಮ್ಮ ಹಿತ್ತಲಿನಿಂದ ನೋಡಿದರೆ ದೂರದಲ್ಲಿ ಪ್ಯಾನೆಲ್‌ಗಳ ಸಾಲು ಕಾಣುತ್ತದೆ. ಸಂಜೆಯ ಬಿಸಿಲಿಗೆ ಅವು ಕನ್ನಡಿಯಂತೆ ಹೊಳೆಯುತ್ತವೆ. ಈ ಕಡೆ ಬೋರಲು ಬಿದ್ದ ಅರ್ಧ ವಾಡೆ. ಕನ್ನಡಿ ಮತ್ತು ಒಡೆದ ಮಡಕೆ ಇಷ್ಟು ವರ್ಷ ನನ್ನ ಕಣ್ಣ ಮುಂದೆಯೇ ಇದ್ದವು. ಬೆಂಗಳೂರಿನಲ್ಲಿ ಹುಟ್ಟಿ, ಮುಂಬೈಯಲ್ಲಿ ನೊಂದು, ಬ್ರಿಸ್ಬೇನಿನಲ್ಲಿ ಒಂದು ಕೋಣೆ ಬಿಟ್ಟುಹೋದ ಒಬ್ಬರು ನನಗೆ ಅದನ್ನು ತೋರಿಸಬೇಕಾಯಿತು. ಈಗ ಗೆಳತಿಯರು ಮನೆಗೆ ಬಂದರೆ ನಾನು ಸಬೂಬು ಹೇಳುವುದಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಕುಂಬಾರರ ಅಜ್ಜನ ಬಾಕಿಯ ಕಥೆ ಹೇಳುತ್ತೇನೆ.

ಕೊನೆಯದಾಗಿ ನನ್ನ ಸಹಪಾಠಿಗಳಲ್ಲಿ ಒಂದು ಕೋರಿಕೆ. ಕಾಲೇಜು ವಾರ್ಷಿಕೋತ್ಸವದಲ್ಲಿ ಒಂದು ಮೂಲೆಯನ್ನು ನಮಗೆ ಬಿಟ್ಟುಕೊಡುವಂತೆ ಪ್ರಾಂಶುಪಾಲರನ್ನು ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ಒಡೆದರೂ ಎಸೆಯದೆ ಇಟ್ಟ ಒಂದು ವಸ್ತು ಇದ್ದರೆ, ಹಿರಿಯರನ್ನು ಕೇಳಿ ತನ್ನಿ. ಬೀಸುವ ಕಲ್ಲಿನ ತುಂಡಾಗಲಿ, ಹಿಡಿ ಮುರಿದ ಕುಡುಗೋಲಾಗಲಿ, ಬಿರುಕು ಬಿಟ್ಟ ಲೋಟವಾಗಲಿ ಆದೀತು. ಅದನ್ನು ಯಾಕೆ ಎಸೆಯಲಿಲ್ಲ ಎಂದು ಅವರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ತನ್ನಿ. ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಿಂದ ಬರಲಿ. ಅಂಟು ಹಾಕಬೇಡಿ, ಬಣ್ಣ ಬಳಿಯಬೇಡಿ. ತೊಳೆದು, ಒರೆಸಿ, ಹಾಗೆಯೇ ತನ್ನಿ. ಎಲ್ಲವನ್ನೂ ಪಕ್ಕಪಕ್ಕದಲ್ಲಿ ಇಡೋಣ. ನಾನು ವಾಡೆಯ ಒಂದು ಚೂರನ್ನು ತರುತ್ತೇನೆ. ದಾದಿ ಒಪ್ಪಿದ್ದಾರೆ, ಕಾರ್ಯಕ್ರಮ ಮುಗಿದ ಮೇಲೆ ಮರೆಯದೆ ವಾಪಸ್ ತರಬೇಕು ಎಂಬ ಷರತ್ತಿನ ಮೇಲೆ.